ಲಿನಕ್ಸ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡಿಯೋ ಮುಂಚೆ ಇದನ್ನ ಮಾಡಿ ನೋಡಿ

ನಮ್ಮ ಮಲೆನಾಡಲ್ಲಿ ಮಳೆಗಾಲ ಹೇಗೆ ಅಂತ ಗೊತ್ತಲ್ಲ, ತೀರ್ಥಹಳ್ಳಿ ಹೊಸನಗರ ಆಗುಂಬೆ ಕಡೆ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟು ಯಾವಾಗ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ, ಬಂದ್ರೂ ಬರ್ತಾ ಹೋಗ್ತಾ ಇರುತ್ತೆ. ಅದೇ ಹೊತ್ತಿಗೆ ಕಂಪ್ಯೂಟರು ಅಪ್‌ಡೇಟ್ ಹಾಕ್ಕೊಳ್ತಾ ಇದ್ರೆ ಫೈಲುಗಳು ಅರ್ಧಂಬರ್ಧ ಆಗಿ, ಮುಂದಿನ ಸಲ ಆನ್ ಮಾಡಿದ್ರೆ ಕಪ್ಪು ಸ್ಕ್ರೀನು, ಇಲ್ಲಾ ಗ್ರಬ್ (ಲಿನಕ್ಸನ್ನ ಎಬ್ಬಿಸೋ ಬೂಟ್ ಪ್ರೋಗ್ರಾಂ) ರೆಸ್ಕ್ಯೂ ಅನ್ನೋ ಸ್ಕ್ರೀನು, ಇಲ್ಲಾ ಕರ್ನಲ್ ಪ್ಯಾನಿಕ್ ಅಂತ ಸಿಸ್ಟಮ್ಮೇ ನಿಂತುಹೋಗುತ್ತೆ. ಜಾಗ ಖಾಲಿ ಮಾಡೋಕೆ ಹೋಗಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸೋದು) ಹಾಕಿ ಸಿಸ್ಟಮ್ ಫೋಲ್ಡರನ್ನೇ ಡಿಲೀಟ್ ಮಾಡ್ಕೊಂಡವರೂ ಇದಾರೆ. ಅಂಗಡಿಗೆ ತಗೊಂಡು ಹೋದ್ರೆ ಸಾಮಾನ್ಯವಾಗಿ ಬರೋ ಉತ್ತರ ಒಂದೇ, ಫಾರ್ಮ್ಯಾಟ್ ಮಾಡ್ಬಿಡೋಣ. ಬೇಡ ಮಾರಾಯ್ರೆ. ಹೋಗಿರೋದು ಉಬುಂಟುನೋ ಡೆಬಿಯನ್ನೋ ಕೊಟ್ಟ ಫೈಲು, ಅದು ಯಾವಾಗ ಬೇಕಾದ್ರೂ ಮತ್ತೆ ಸಿಗುತ್ತೆ. ಅಡಿಕೆ ಲೆಕ್ಕ, ಪಹಣಿ ಸ್ಕ್ಯಾನು, ಮಕ್ಕಳ ಫೋಟೋ ಎಲ್ಲಾ /ಹೋಮ್ ಒಳಗಿದೆ, ಅದು ಮತ್ತೆಲ್ಲೂ ಸಿಗಲ್ಲ.

ಕೆಳಗೆ ಹೇಳಿರೋದು ಉಬುಂಟು, ಮಿಂಟ್, ಡೆಬಿಯನ್‌ಗೆ. ಕಮಾಂಡುಗಳನ್ನ ಕನ್ನಡದಲ್ಲಿ ಓದೋ ಹಾಗೆ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೀರಿ.

ಮೊದಲು ಒಂದು ಲೈವ್ (ಹಾರ್ಡ್‌ಡಿಸ್ಕ್ ಮುಟ್ಟದೆ ತನ್ನಿಂದಲೇ ಲಿನಕ್ಸ್ ಓಡಿಸೋ) ಪೆನ್‌ಡ್ರೈವ್ ಬೇಕು, 8 ಜಿಬಿದು ಸಾಕು. ನಿಮ್ಮ ಸಿಸ್ಟಮ್ಮಲ್ಲಿ ಯಾವ ವರ್ಷನ್ ಇದೆಯೋ ಅದೇ ವರ್ಷನ್ನಿನ ಐಎಸ್‌ಓ (ಇನ್‌ಸ್ಟಾಲ್ ಮಾಡೋ ಫೈಲು) ತಗೊಳ್ಳಿ, ಮುಂದೆ ಇದು ಉಪಯೋಗಕ್ಕೆ ಬರುತ್ತೆ. ಹಳ್ಳೀಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅಷ್ಟು ದೊಡ್ಡ ಫೈಲು ಇಳಿಸೋಕೆ ಕೂರಬೇಡಿ, ಶಿವಮೊಗ್ಗಕ್ಕೋ ಸಾಗರಕ್ಕೋ ಹೋದಾಗ ಇಳಿಸ್ಕೊಂಡು ರೂಫಸ್ ಅಥವಾ ವೆಂಟಾಯ್ ಅನ್ನೋ ಸಾಫ್ಟ್‌ವೇರಲ್ಲಿ ಪೆನ್‌ಡ್ರೈವ್ ರೆಡಿ ಮಾಡಿಟ್ಕೊಳ್ಳಿ. ಬೂಟ್ ಮಾಡುವಾಗ ಯುಇಎಫ್‌ಐ (ಹೊಸ ಮಷೀನುಗಳು ಬೂಟ್ ಆಗೋ ರೀತಿ) ಅಂತ ಇರೋ ಆಯ್ಕೆಯನ್ನೇ ಆರಿಸಿ, ಹಳೇ ಬಯಾಸ್ ಮಷೀನಾದ್ರೆ ಮಾತ್ರ ಲೆಗಸಿ. ಟ್ರೈ ಅಂತ ಕೊಡಿ, ಇನ್‌ಸ್ಟಾಲ್ ಬಟನ್ ಮುಟ್ಟಬೇಡಿ.

ಟರ್ಮಿನಲ್ ತೆಗೆದು ಎಲ್‌ಎಸ್‌ಬಿಎಲ್‌ಕೆ -ಎಫ್ ಹೊಡೆದ್ರೆ ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಯಾವುದು ಅಂತ ಕಾಣುತ್ತೆ. ಎಕ್ಸ್ಟ್4 ಅಂತ ಇರೋ ದೊಡ್ಡದು ರೂಟು (ಸಿಸ್ಟಮ್ ಇರೋದು), ವಿಎಫ್ಎಟಿ ಅಂತ ಇರೋ ಚಿಕ್ಕದು ಇಎಫ್‌ಐ (ಬೂಟ್ ಫೈಲುಗಳಿರೋದು). ರೂಟ್ ಎಸ್‌ಡಿಎ2 ಅಂತ ಇಟ್ಕೊಳ್ಳಿ. ಮೊದಲು ಓದೋಕೆ ಮಾತ್ರ ಮೌಂಟ್ ಮಾಡಿ, ಅಂದ್ರೆ ಆ ಪಾರ್ಟಿಷನ್ನನ್ನ ಒಂದು ಫೋಲ್ಡರಿಗೆ ಜೋಡಿಸಿ: ಸುಡೋ ಮೌಂಟ್ -ಓ ಆರ್‌ಓ /ಡೆವ್/ಎಸ್‌ಡಿಎ2 /ಎಂಎನ್‌ಟಿ. ಆಮೇಲೆ /ಎಂಎನ್‌ಟಿ/ಹೋಮ್ ಪೂರ್ತಿ ಬೇರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಇದನ್ನ ಬಿಟ್ಟು ಮುಂದೆ ಹೋಗಲೇಬೇಡಿ, ಯಾಕಂದ್ರೆ ಸಮಸ್ಯೆ ಫೈಲಲ್ಲಿ ಅಲ್ಲ ಡಿಸ್ಕಲ್ಲೇ ಇದ್ರೆ ಮುಂದಿನ ಪ್ರತಿ ಹೆಜ್ಜೇಲೂ ಇನ್ನಷ್ಟು ಹಾಳಾಗುತ್ತೆ. ಕಾಪಿ ಆದ್ಮೇಲೆ ಅನ್‌ಮೌಂಟ್ ಮಾಡಿ ಸುಡೋ ಇ2ಎಫ್ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಎ2 ಕೊಡಿ, ಇದು ಪಾರ್ಟಿಷನ್ನಿನ ಫೈಲ್ ವ್ಯವಸ್ಥೇಲಿರೋ ತಪ್ಪು ಹುಡುಕಿ ಸರಿ ಮಾಡುತ್ತೆ. ಮೌಂಟ್ ಆಗಿರೋ ಪಾರ್ಟಿಷನ್ ಮೇಲೆ ಇದನ್ನ ಓಡಿಸಬಾರದು. ಎಷ್ಟೋ ಸಲ ಕರೆಂಟು ಹೋಗಿ ಆದ ತೊಂದರೆ ಇಷ್ಟರಲ್ಲೇ ಸರಿಯಾಗಿಬಿಡುತ್ತೆ. ಹೆಸರು ಕಳ್ಕೊಂಡ ಫೈಲುಗಳು ಲಾಸ್ಟ್+ಫೌಂಡ್ ಫೋಲ್ಡರಲ್ಲಿ # ಹಾಕಿ ಬರೀ ನಂಬರಾಗಿ ಬಿದ್ದಿರುತ್ವೆ, ಎಸೀಬೇಡಿ.

ಇನ್ನೂ ಬೂಟ್ ಆಗ್ಲಿಲ್ಲ ಅಂದ್ರೆ ಮತ್ತೆ ಲೈವ್‌ಗೆ ಬಂದು ಈ ಸಲ ಆರ್‌ಓ ಇಲ್ಲದೆ ಮೌಂಟ್ ಮಾಡಿ, ಇಎಫ್‌ಐ ಪಾರ್ಟಿಷನ್ನನ್ನ /ಎಂಎನ್‌ಟಿ/ಬೂಟ್/ಇಎಫ್‌ಐ ಮೇಲೆ ಮೌಂಟ್ ಮಾಡಿ, /ಡೆವ್ /ಪ್ರಾಕ್ /ಸಿಸ್ /ರನ್ ನಾಲ್ಕನ್ನೂ ಒಂದೊಂದಾಗಿ ಮೌಂಟ್ --ಆರ್‌ಬೈಂಡ್ ಹಾಕಿ /ಎಂಎನ್‌ಟಿ ಒಳಗಿನ ಅದೇ ಹೆಸರಿನ ಫೋಲ್ಡರಿಗೆ ಸೇರಿಸಿ, ಕೊನೆಗೆ ಸುಡೋ ಸಿಎಚ್‌ರೂಟ್ /ಎಂಎನ್‌ಟಿ. ಇಲ್ಲಿಂದ ನೀವು ಕೆಟ್ಟಿರೋ ಸಿಸ್ಟಮ್ ಒಳಗೇ ಕೂತ ಹಾಗೆ.

ಬಹಳ ಜನ ಸೋಲೊಪ್ಪೋದು ಇಲ್ಲೇ. ಸಿಎಚ್‌ರೂಟ್ ಕೊಟ್ರೆ /ಬಿನ್/ಬ್ಯಾಶ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ ಅನ್ನುತ್ತೆ, ಹೋಗಿ ನೋಡಿದ್ರೆ ಬ್ಯಾಶ್ ಫೈಲು ಕಣ್ಣೆದುರಿಗೇ ಇರುತ್ತೆ. ಇಲ್ಲದೇ ಇರೋದು ಬ್ಯಾಶ್ ಅಲ್ಲ, ಅದನ್ನ ಎಬ್ಬಿಸೋ ಲೋಡರ್, ಅದು /ಲಿಬ್64 ಒಳಗಿರಬೇಕು. ಈಗಿನ ಸಿಸ್ಟಮ್ಮುಗಳಲ್ಲಿ /ಬಿನ್, /ಎಸ್‌ಬಿನ್, /ಲಿಬ್, /ಲಿಬ್64 ಇವೆಲ್ಲಾ ನಿಜವಾದ ಫೋಲ್ಡರುಗಳೇ ಅಲ್ಲ, /ಯುಎಸ್‌ಆರ್ ಒಳಗಿರೋದಕ್ಕೆ ಹಾಕಿರೋ ಲಿಂಕುಗಳು ಅಷ್ಟೇ, ಡೆಬಿಯನ್‌ನಲ್ಲಿ ಹೊಸ ಇನ್‌ಸ್ಟಾಲ್‌ಗೆ 2019ರ 10ನೇ ವರ್ಷನ್ನಿಂದ ಹೀಗೇ ಇದೆ. ಲಿಂಕ್ ಒಂದೇ ಹೋಗಿದ್ರೆ ಅಸಲು ಫೈಲುಗಳು ಸುರಕ್ಷಿತವಾಗಿವೆ ಅಂತ ಅರ್ಥ. ಎಲ್‌ಎಸ್ -ಎಲ್ /ಎಂಎನ್‌ಟಿ ನೋಡಿ, ಯಾವುದು ಕಾಣ್ತಿಲ್ವೋ ಅದನ್ನ ಮತ್ತೆ ಹಾಕಿ: ಸುಡೋ ಎಲ್‌ಎನ್ -ಎಸ್ ಯುಎಸ್‌ಆರ್/ಲಿಬ್64 /ಎಂಎನ್‌ಟಿ/ಲಿಬ್64. ಯುಎಸ್‌ಆರ್ ಮುಂದೆ ಸ್ಲ್ಯಾಶ್ ಹಾಕ್ಬೇಡಿ, ಹಾಕಿದ್ರೆ ಹೊರಗಿಂದ ನೋಡುವಾಗ ಲಿಂಕು ಪೆನ್‌ಡ್ರೈವಿನ ಸಿಸ್ಟಮ್ಮನ್ನ ತೋರಿಸುತ್ತೆ. ಲೋಡರ್ರೇ ಹೋಗಿದ್ರೆ ಲೈವ್‌ನಲ್ಲಿ ಪ್ಯಾಕೇಜು ಇಳಿಸೋ ಆಪ್ಟ್ ಡೌನ್‌ಲೋಡ್ ಕೊಟ್ಟು ಲಿಬ್‌ಸಿ6, ಲಿಬ್‌ಟಿನ್‌ಫೋ6 ಎರಡನ್ನೂ ಇಳಿಸ್ಕೊಂಡು, ಡಿಪಿಕೆಜಿ-ಡೆಬ್ -ಎಕ್ಸ್‌ನಿಂದ /ಟಿಎಂಪಿ ಒಳಗೆ ಬಿಚ್ಚಿ, ಅಲ್ಲಿಂದ ಸಿಪಿ -ಎ ಮಾಡಿ ಜಾಗಕ್ಕೆ ಸೇರಿಸಿ. ಅದೇ ವರ್ಷನ್ ಐಎಸ್‌ಓ ಬೇಕು ಅಂದಿದ್ದು ಇದಕ್ಕೇ.

ಒಳಗೆ ಹೋದ್ಮೇಲೆ ಮೊಬೈಲ್ ಯುಎಸ್‌ಬಿ ಟೆದರಿಂಗ್ ಹಾಕಿ ನೆಟ್ ಕೊಡಿ. ಡಿಪಿಕೆಜಿ ಅನ್ನೋದು ಹಾಕಿರೋ ಪ್ಯಾಕೇಜುಗಳ ಲೆಕ್ಕ ಇಡೋ ಪ್ರೋಗ್ರಾಂ. ಮೊದಲು ಡಿಪಿಕೆಜಿ --ಕಾನ್ಫಿಗರ್ -ಎ, ಆಮೇಲೆ ಆಪ್ಟ್ ಅಪ್‌ಡೇಟ್, ಆಪ್ಟ್ -ಎಫ್ ಇನ್‌ಸ್ಟಾಲ್. ಅರ್ಧಕ್ಕೆ ನಿಂತ ಅಪ್‌ಡೇಟ್ ಇದರಲ್ಲೇ ಮುಗಿಯುತ್ತೆ. ಡಿಪಿಕೆಜಿ ಸ್ಟೇಟಸ್ ಫೈಲ್ ಸರಿ ಇಲ್ಲ ಅಂತ ಬೈದ್ರೆ ಗಾಬರಿ ಬೀಳ್ಬೇಡಿ, /ವಾರ್/ಲಿಬ್/ಡಿಪಿಕೆಜಿ ಒಳಗೆ ಸ್ಟೇಟಸ್-ಓಲ್ಡ್ ಇರುತ್ತೆ, /ವಾರ್/ಬ್ಯಾಕಪ್ಸ್ ಒಳಗೂ ಹಳೇ ಪ್ರತಿಗಳಿರುತ್ವೆ, ತಂದು ಹಾಕಿ.

ಈಗ ಡಿಪಿಕೆಜಿ -ವಿ, ಇಲ್ಲಿ ವಿ ಮಾತ್ರ ದೊಡ್ಡಕ್ಷರ. ಇದು ಪ್ರತಿ ಪ್ಯಾಕೇಜಿನ ಫೈಲುಗಳನ್ನೂ ಒಂದೊಂದಾಗಿ ತಾಳೆ ನೋಡುತ್ತೆ, ಇಲ್ಲದಿದ್ದಕ್ಕೆ ಮಿಸ್ಸಿಂಗ್ ಅಂತ ಬರುತ್ತೆ, ಒಳಗಿನ ಬರಹ ಬದಲಾಗಿದ್ರೆ ಪ್ರಶ್ನೆಚಿಹ್ನೆಗಳ ನಡುವೆ ಒಂದು 5 ಕಾಣುತ್ತೆ. ಪಕ್ಕದಲ್ಲಿ ಸಿ ಅಂತ ಇದ್ರೆ ಅದು ಕಾನ್ಫಿಗ್ ಫೈಲು, ನೀವೇ ತಿದ್ದಿರಬಹುದು, ಬಿಡಿ. ಉಳಿದಿದ್ದು ಯಾವ ಪ್ಯಾಕೇಜಿಂದು ಅಂತ ಡಿಪಿಕೆಜಿ -ಎಸ್ ಹೇಳುತ್ತೆ, ಎಸ್ ಕೂಡ ದೊಡ್ಡದು. /ಯುಎಸ್‌ಆರ್ ಸೇರಿಸಿ ಹುಡುಕಿದಾಗ ಸಿಗದಿದ್ರೆ ಅದನ್ನ ತೆಗೆದು ಬರೀ /ಲಿಬ್ ಅಂತ ಕೇಳಿ ನೋಡಿ. ಹೆಸರು ಸಿಕ್ಕಿದ ತಕ್ಷಣ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಹೊಡೀರಿ.

/ಇಟಿಸಿ ಹೋಗಿದ್ರೆ ಮಾತ್ರ ಸ್ವಲ್ಪ ಬೇರೆ. ಕಾನ್ಫಿಗ್ ಫೈಲು ಡಿಲೀಟ್ ಆಗಿದ್ರೆ ನೀವೇ ಬೇಡ ಅಂದಿದೀರಿ ಅಂತ ಡಿಪಿಕೆಜಿ ತಿಳ್ಕೊಂಡು ರೀಇನ್‌ಸ್ಟಾಲ್ ಮಾಡಿದ್ರೂ ವಾಪಸ್ ಹಾಕಲ್ಲ, ಆಪ್ಟ್‌ಗೆ ಡಿಪಿಕೆಜಿ ಆಪ್ಷನ್ನಾಗಿ --ಫೋರ್ಸ್-ಕಾನ್ಫ್‌ಮಿಸ್ ಸೇರಿಸ್ಬೇಕು. ಎಫ್‌ಎಸ್‌ಟ್ಯಾಬ್ (ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ಯಾವ ಪ್ಯಾಕೇಜಿಗೂ ಸೇರಿಲ್ಲ, ಬಿಎಲ್‌ಕೆಐಡಿ ಕೊಡೋ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ನಂಬರು) ನೋಡಿ ಕೈಯಲ್ಲೇ ಬರೀಬೇಕು, ತಪ್ಪಿದ್ರೆ ಬೂಟ್ ಆಗುವಾಗ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತೆ.

ಕೊನೆಗೆ ಬೂಟ್ ಫೈಲುಗಳನ್ನ ಮತ್ತೆ ಕಟ್ಟೋಕೆ ಅಪ್‌ಡೇಟ್-ಇನಿಟ್ರಾಮ್‌ಎಫ್‌ಎಸ್ -ಯು -ಕೆ ಆಲ್, ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್, ಇದೇ ಕ್ರಮದಲ್ಲಿ. ಬಯಾಸ್ ಮಷೀನಾದ್ರೆ ಗ್ರಬ್-ಇನ್‌ಸ್ಟಾಲ್ ಜೊತೆ /ಡೆವ್/ಎಸ್‌ಡಿಎ ಅಂತ ಪೂರ್ತಿ ಡಿಸ್ಕಿನ ಹೆಸರು ಕೊಡಿ, ಪಾರ್ಟಿಷನ್ ನಂಬರ್ ಬೇಡ. ಫೆಡೋರಾದವರು ಆರ್‌ಪಿಎಂ -ವಿಎ (ಇಲ್ಲೂ ವಿ ಮಾತ್ರ ದೊಡ್ಡಕ್ಷರ), ಡಿಎನ್‌ಎಫ್ ರೀಇನ್‌ಸ್ಟಾಲ್, ಡ್ರಾಕಟ್ ಬಳಸ್ಬೇಕು, ದಾರಿ ಮಾತ್ರ ಇದೇ. ಎಕ್ಸಿಟ್ ಕೊಟ್ಟು ರೀಬೂಟ್ ಮಾಡಿ ಪೆನ್‌ಡ್ರೈವ್ ತೆಗೀರಿ, ಲಾಗಿನ್ ಆದ್ಮೇಲೆ ಸಿಸ್ಟಮ್‌ಸಿಟಿಎಲ್ --ಫೇಲ್ಡ್ ಹೊಡೆದು ನೋಡಿ, ಕೆಂಪಗೆ ಕಾಣೋ ಸರ್ವಿಸ್ ಏನಾದ್ರೂ ಉಳಿದಿದ್ರೆ ಅದರ ಪ್ಯಾಕೇಜನ್ನೂ ಹಾಗೇ ಹುಡುಕಿ ಇನ್ನೊಂದ್ಸಲ ಹಾಕ್ಕೊಳ್ಳಿ.