ಎನರ್ಜಿ ಡ್ರಿಂಕ್: ಕುಡಿಯುವ ಮುನ್ನ ಕ್ಯಾನಿನ ಹಿಂಬದಿಯನ್ನು ಓದಿ

ಎನರ್ಜಿ ಡ್ರಿಂಕ್ ಕೈಗೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಕ್ಯಾನನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು. ಕೆಫೀನ್ ಪ್ರಮಾಣವನ್ನು ಅಲ್ಲಿ ಹಲವು ಸಲ 100 ಮಿ.ಲೀ. ಲೆಕ್ಕದಲ್ಲಿ ಮುದ್ರಿಸಿರುತ್ತಾರೆ, ಅವಸರದಲ್ಲಿ ನೋಡಿದವರು 32 ಮಿಲಿಗ್ರಾಂ ಎಂಬ ಅಂಕಿಯನ್ನು ಇಡೀ ಕ್ಯಾನಿನದೆಂದು ತಿಳಿಯುವುದುಂಟು. ಆ ಲೆಕ್ಕದ ಪ್ರಕಾರ 250 ಮಿ.ಲೀ. ಕ್ಯಾನಿನಲ್ಲಿ 80 ಮಿಲಿಗ್ರಾಂ, 500 ಮಿ.ಲೀ. ಕ್ಯಾನಿನಲ್ಲಿ 160 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇದಕ್ಕಿಂತ ಬಹಳ ಗಡುಸಾದ ಪಾನೀಯಗಳೂ ಇರುವುದರಿಂದ ಪ್ರತಿ ಸಲ ಹೊಸದಾಗಿ ಓದಬೇಕು. ಘಟಕಗಳ ಪಟ್ಟಿಯಲ್ಲಿ ಗ್ವಾರಾನಾ ಎಂಬ ಹೆಸರು ಕಂಡರೆ ಅದೂ ಕೆಫೀನ್ ಇರುವ ಬೀಜವೇ ಎಂಬುದು ನೆನಪಿರಲಿ.

ಈ ಪಾನೀಯ ದಣಿವನ್ನು ನೀಗಿಸುವುದಿಲ್ಲ, ಮರೆಮಾಚುತ್ತದೆ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡಿಕೊಳ್ಳುತ್ತಾ ನಿದ್ದೆಯ ಸೂಚನೆ ಕೊಡುತ್ತದೆ. ಅದು ಕೂರಬೇಕಾದ ಜಾಗವನ್ನು ಕೆಫೀನ್ ಆಕ್ರಮಿಸಿಕೊಳ್ಳುವುದರಿಂದ ಸೂಚನೆ ತಲುಪುವುದಿಲ್ಲವೇ ಹೊರತು ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ. ಕೆಫೀನಿನ ಪ್ರಭಾವ ಇಳಿದಾಗ ತಡೆದಿಟ್ಟ ಆಯಾಸ ಮತ್ತೆ ಎದ್ದುಬರುತ್ತದೆ. ಆಗ ಇನ್ನೊಂದು ಕ್ಯಾನು ತೆರೆಯುವವರೇ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಮಿತಿ ಎಷ್ಟೆಂಬುದಕ್ಕೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಹೇಳಿದ ಪ್ರಮಾಣಗಳು ಒಳ್ಳೆಯ ಆಧಾರ: ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200 ಮಿಲಿಗ್ರಾಂ, ಇಡೀ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ. ಈ ಲೆಕ್ಕದಲ್ಲಿ ಕಾಫಿ, ಚಹಾ, ಕೋಲಾ ಎಲ್ಲವೂ ಸೇರುತ್ತವೆ. ಮಕ್ಕಳಿಗೂ ಹದಿಹರೆಯದವರಿಗೂ ಇದನ್ನು ಕೊಡಲೇಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು, ನನ್ನದೂ ಅದೇ. ಲಿಥುವೇನಿಯಾ 2014ರಲ್ಲಿಯೇ 18 ವರ್ಷದೊಳಗಿನವರಿಗೆ ಇದರ ಮಾರಾಟವನ್ನು ನಿಷೇಧಿಸಿತು.

ಪ್ರಮಾಣದಷ್ಟೇ ಮುಖ್ಯವಾದುದು ಗಡಿಯಾರ. ದೇಹದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು. ಸಂಜೆ 5ಕ್ಕೆ 500 ಮಿ.ಲೀ. ಕುಡಿದವರು ರಾತ್ರಿ 10ಕ್ಕೆ ಹಾಸಿಗೆಗೆ ಹೋದರೆ, ಆಗಷ್ಟೇ ಒಂದು ಸಣ್ಣ ಕ್ಯಾನು ಕುಡಿದು ಮಲಗಿದಂತೆಯೇ ಸರಿ. ಕೆಲಸ ಮುಗಿಸುವ ಹಟದಲ್ಲಿ ನಾನೂ ಒಮ್ಮೆ ಹೀಗೆ ಮಾಡಿ, ಕಣ್ಣು ಉರಿಯುತ್ತಿದ್ದರೂ ನಿದ್ದೆ ಹತ್ತದೆ ಬೆಳಗಿನ ಜಾವದವರೆಗೂ ಹೊರಳಾಡಿದ್ದೇನೆ. ಕುಡಿಯಲೇಬೇಕೆಂದಿದ್ದರೆ ಮಧ್ಯಾಹ್ನದೊಳಗೆ ಕುಡಿಯಿರಿ.

ಸಕ್ಕರೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 250 ಮಿ.ಲೀ. ಕ್ಯಾನಿನಲ್ಲಿ ಸುಮಾರು 27 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ. ಸಕ್ಕರೆಯಿಲ್ಲದ ಬಗೆಯಲ್ಲಿಯೂ ಕೆಫೀನ್ ಮತ್ತು ಆಮ್ಲ ಉಳಿದೇ ಇರುತ್ತವೆ. ಆಮ್ಲವು ಹಲ್ಲಿನ ಎನಾಮಲನ್ನು ಮೆತ್ತಗಾಗಿಸುವುದರಿಂದ, ಕುಡಿದೊಡನೆ ಹಲ್ಲುಜ್ಜದೆ ನೀರಿನಿಂದ ಬಾಯಿ ಮುಕ್ಕಳಿಸಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಉಜ್ಜಬೇಕು.

ಮದ್ಯದೊಂದಿಗೆ ಬೆರೆಸುವುದು ಎಲ್ಲಕ್ಕಿಂತ ಅಪಾಯಕಾರಿ. ಕೆಫೀನ್ ಅಮಲನ್ನು ಇಳಿಸುವುದಿಲ್ಲ, ಅಮಲೇರಿದ್ದು ಗೊತ್ತಾಗದಂತೆ ಮಾಡುತ್ತದೆ, ಹಾಗಾಗಿ ಕುಡಿಯುವವರು ಇನ್ನಷ್ಟು ಕುಡಿಯುತ್ತಾರೆ. ಬಿರುಸಾದ ವ್ಯಾಯಾಮದ ನಡುವೆ ನೀರಿನ ಬದಲು ಇದನ್ನು ಹೀರುವುದೂ ಬೇಡ. ಕ್ರೀಡಾಪಟುಗಳಿಗೆಂದು ತಯಾರಾಗುವ ಲವಣಾಂಶದ ಪಾನೀಯವೇ ಬೇರೆ, ಇದೇ ಬೇರೆ. ಹೃದ್ರೋಗ, ರಕ್ತದೊತ್ತಡ, ಮೂರ್ಛೆರೋಗ ಅಥವಾ ತೀವ್ರ ಆತಂಕದ ತೊಂದರೆ ಇರುವವರೂ, ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ಸಿಪ್ರೊಫ್ಲಾಕ್ಸಾಸಿನ್‌ನಂತಹ ಔಷಧ ಸೇವಿಸುತ್ತಿರುವವರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ದಿನವೂ ಕುಡಿಯುವ ಅಭ್ಯಾಸವಿದ್ದವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ ಕೆಲವು ದಿನ ಕಾಡಬಹುದು. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ಆ ಕಾಟ ಕಡಿಮೆ.

ಕುಡಿದ ಮೇಲೆ ಕೈ ನಡುಗುವುದು, ಎದೆ ಡವಗುಟ್ಟುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಎದೆನೋವು, ಬಡಿತ ತಪ್ಪಿದಂತಾಗುವುದು, ಬಿಡದ ವಾಂತಿ, ಸೆಳವು ಅಥವಾ ಪ್ರಜ್ಞೆ ತಪ್ಪುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಖಾಲಿ ಕ್ಯಾನನ್ನೂ ಜೊತೆಗೆ ಒಯ್ಯಿರಿ. ಎಷ್ಟು ಕೆಫೀನ್ ಒಳಗೆ ಹೋಗಿದೆ ಎಂಬುದನ್ನು ವೈದ್ಯರು ಅದನ್ನು ನೋಡಿಯೇ ಲೆಕ್ಕ ಹಾಕಬಹುದು.