ಕಾಡಿನ ಗಿಡದಲ್ಲಿ ಕ್ಯಾನ್ಸರ್ ಔಷಧಿ ಹುಡುಕುವವರಿಗೆ

ಪ್ರಾಜೆಕ್ಟ್ ಶುರು ಮಾಡುವ ಎಂಎಸ್ಸಿ ಮಕ್ಕಳು ನನ್ನ ಹತ್ತಿರ ಬಂದು ಮೊದಲು ಕೇಳುವುದು, "ಮೇಡಂ, ಯಾವ ಗಿಡ ತಗೊಳ್ಳಲಿ?" ಅಂತ. ಲ್ಯಾಬಿನ ಕೆಲಸ ಅವರು ಬೇಗ ಕಲಿಯುತ್ತಾರೆ. ಆದರೆ ಈ ಹುಡುಕಾಟ ಕೆಡುವುದು ಹೆಚ್ಚಾಗಿ ಗಿಡ ಲ್ಯಾಬಿಗೆ ಬರುವ ಮೊದಲೇ. ಹಾಗಾಗಿ ಕಾಡಿನ ಭಾಗವನ್ನೇ ಜಾಸ್ತಿ ಬರೆಯುತ್ತೇನೆ.

ಸಿಕ್ಕಿದ್ದನ್ನೆಲ್ಲ ಕಿತ್ತು ತಂದು ನೋಡುವ ದಾರಿಯೂ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಹಾಗೆ ಸಾವಿರಾರು ಗಿಡ ತರಿಸಿ ನೋಡಿತು. 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ತಂದ ಯೂ ಮರದ ತೊಗಟೆಯಲ್ಲೇ ಟ್ಯಾಕ್ಸಾಲ್ ಅನ್ನುವ ಕ್ಯಾನ್ಸರ್ ಔಷಧಿ ಸಿಕ್ಕಿದ್ದು. ಅಷ್ಟು ಹಣ, ಅಷ್ಟು ಜನ ನಮ್ಮ ಹತ್ತಿರ ಇಲ್ಲ. ನಾವು ಆರಿಸಿ ಹೋಗಬೇಕು.

ನಾಟಿ ವೈದ್ಯರನ್ನು ಕೇಳಿ. ಆದರೆ "ಕ್ಯಾನ್ಸರಿಗೆ ಏನು ಕೊಡ್ತೀರಿ?" ಅಂತ ಕೇಳಬೇಡಿ. ಮಾಯದ ಹುಣ್ಣಿಗೆ ಏನು ಹಚ್ಚುತ್ತಾರೆ, ಗಂಟಿಗೆ, ಊತಕ್ಕೆ ಏನು ಕಟ್ಟುತ್ತಾರೆ, ದನ ಯಾವ ಸೊಪ್ಪಿಗೆ ಬಾಯಿ ಹಾಕುವುದಿಲ್ಲ ಅಂತ ಕೇಳಿ. ವಿಷವಿರುವ ಗಿಡದಲ್ಲೇ ಔಷಧಿ ಸಿಗುವ ಸಾಧ್ಯತೆ ಜಾಸ್ತಿ ಅಲ್ವಾ? ಹೇಳಿದವರ ಹೆಸರು ಬರೆಯಲು ಒಪ್ಪಿಗೆ ಪಡೆಯಿರಿ. ವರದಿ ಆದಮೇಲೆ ಒಂದು ಕನ್ನಡ ಪ್ರತಿ ಅವರ ಕೈಗೆ ಕೊಡಿ.

ಇನ್ನೊಂದು ದಾರಿ, ಆಗಲೇ ಗೊತ್ತಿರುವ ವಸ್ತುವಿನ ಜಾಡು ಹಿಡಿಯುವುದು. ನಮ್ಮ ಘಟ್ಟದ ದುರ್ವಾಸನೆ ಮರವನ್ನೇ (ನೋಥಪೊಡೈಟಿಸ್) ನೋಡಿ. ಚೀನಾದ ಒಂದು ಮರದಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತು ಇದೆ ಅಂತ ವಾಲ್ ಮತ್ತು ವಾಣಿ ಅನ್ನುವ ವಿಜ್ಞಾನಿಗಳು 1966ರಲ್ಲಿ ತೋರಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ಈ ಮರದಲ್ಲಿ ಕಂಡರು. ಎರಡೂ ಬೇರೆ ಬೇರೆ ಕುಟುಂಬದ ಮರಗಳು! ಇವತ್ತು ಆಸ್ಪತ್ರೆಯಲ್ಲಿ ಕೊಡುವ ಕ್ಯಾನ್ಸರ್ ಔಷಧಿಗಳಾದ ಟೊಪೊಟೆಕಾನ್, ಇರಿನೊಟೆಕಾನ್ ಎರಡೂ ಕ್ಯಾಂಪ್ಟೊಥೆಸಿನ್ನಿನಿಂದಲೇ ಬಂದವು.

ಕಾಡಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಹೂವೋ ಕಾಯೋ ಇರುವ ಕೊಂಬೆಯನ್ನೇ ಆರಿಸಿ, ಸುಮ್ನೆ ಎಲೆ ತಂದರೆ ಗುರುತು ಹಿಡಿಯುವವರಿಗೆ ಕಷ್ಟ. ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದೆಯೇ ಅನ್ನುವುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಒಣಗಿದ ಮೇಲೆ ಇದ್ಯಾವುದೂ ಉಳಿಯುವುದಿಲ್ಲ. ಜಾಗ, ತಾರೀಖು, ಯಾವ ಭಾಗ ತಂದಿರಿ, ಎಲ್ಲ ಇರಲಿ. ನೋಟ್‌ಬುಕ್ಕಿನಲ್ಲಿರುವ ನಂಬರೇ ಚೀಲದ ಮೇಲೂ, ಹರ್ಬೇರಿಯಂ ಹಾಳೆಯ (ಒಣಗಿಸಿದ ಕೊಂಬೆ ಅಂಟಿಸಿಡುವ ಹಾಳೆ) ಮೇಲೂ ಇರಬೇಕು. ಆ ಹಾಳೆ ಇಲ್ಲದಿದ್ದರೆ ನಿಮ್ಮ ಫಲಿತಾಂಶ ಯಾವ ಗಿಡದ್ದು ಅಂತ ಯಾರೂ ಹೇಳಲಾರರು.

ಮಲೆನಾಡಿನ ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಕೊಂಬೆಯನ್ನು ಒತ್ತಿ ಒಣಗಿಸುವ ಪ್ರೆಸ್ಸಿನ ನ್ಯೂಸ್‌ಪೇಪರ್ ದಿನಾ ಬದಲಿಸಿ. ಅಡಿಕೆ ಒಣಗಿಸುವ ಅಟ್ಟ ಬೆಚ್ಚಗಿದೆ ಅಂತ ಎಲೆಯನ್ನು ಅಲ್ಲಿ ಹರಡಬೇಡಿ, ಹೊಗೆಯ ಅಂಶ ಎಲೆಗೆ ಕೂರುತ್ತದೆ. ಬೂಸ್ಟು ಬಂದ ಎಲೆಯನ್ನು ಕೂಡಲೇ ಬಿಸಾಡಿ. ಬೂಸ್ಟು ತಾನೂ ರಾಸಾಯನಿಕ ಮಾಡುತ್ತದೆ, ಆಮೇಲೆ ನೀವು ಅಳೆಯುವುದು ಗಿಡದ್ದೋ ಬೂಸ್ಟಿನದ್ದೋ ಗೊತ್ತಾಗುವುದಿಲ್ಲ. ಗಾಳಿಯಾಡುವ ನೆರಳು ಒಳ್ಳೆಯದು. ಓವನ್ ಆದರೆ 40 ಡಿಗ್ರಿ ಸಾಕು.

ಪುಡಿ ಮಾಡಿ ಮೆಥನಾಲಿನಲ್ಲಿ ನೆನೆಸಿ, ಸೋಸಿ, ರೋಟರಿ ಇವಾಪೊರೇಟರ್ ಅನ್ನುವ ಯಂತ್ರದಲ್ಲಿ ಮೆಥನಾಲನ್ನು ಆವಿ ಮಾಡಿ ತೆಗೆದರೆ ಅಂಟಾದ ಕಪ್ಪು ಹಸಿರು ಸಾರ ಸಿಗುತ್ತದೆ. ಅದನ್ನು ಟಿಎಲ್‌ಸಿ ಪ್ಲೇಟಿನಲ್ಲಿ ಓಡಿಸಿ, ಸಾರದಲ್ಲಿರುವ ವಸ್ತುಗಳು ಬೇರೆ ಬೇರೆ ಎತ್ತರಕ್ಕೆ ಏರಿ ಚುಕ್ಕೆಗಳಾಗಿ ಬೇರ್ಪಡುತ್ತವೆ. ದುರ್ವಾಸನೆ ಮರದ ತೊಗಟೆ ಸಾರವಾದರೆ ಕತ್ತಲೆಯಲ್ಲಿ 365 ನ್ಯಾನೋಮೀಟರಿನ ಯುವಿ ದೀಪ ಹಿಡಿದಾಗ ಹೊಳೆಯುವ ನೀಲಿ ಚುಕ್ಕೆ ಎದ್ದು ಕಾಣುತ್ತದೆ. ಮೊದಲ ಸಲ ನೋಡಿದವರು ಕುಣಿದಾಡುತ್ತಾರೆ. ತಡೆಯಿರಿ, ನೀಲಿಯಾಗಿ ಹೊಳೆಯುವ ವಸ್ತು ಬೇರೆಯೂ ಇವೆ. ಪಕ್ಕದಲ್ಲೇ ಶುದ್ಧ ಕ್ಯಾಂಪ್ಟೊಥೆಸಿನ್ ಹಾಕಿ, ಎರಡೂ ಚುಕ್ಕೆ ಒಂದೇ ಎತ್ತರಕ್ಕೆ ಏರಿವೆಯೇ ನೋಡಿ. ಏರಿದ್ದರೂ, ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕ ಹೇಳುವ ಎಲ್‌ಸಿ-ಎಂಎಸ್ ಯಂತ್ರದಲ್ಲಿ ಖಾತ್ರಿ ಮಾಡಿಕೊಳ್ಳಿ.

ಜೀವಕೋಶದ ಪರೀಕ್ಷೆಗೆ ಹೆಚ್ಚಿನವರು ಎಂಟಿಟಿ ಅನ್ನುವ ಹಳದಿ ಬಣ್ಣದ ವಸ್ತು ಬಳಸುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ಕೆಲವು ಗಿಡದ ಸಾರ ಕೋಶವೇ ಇಲ್ಲದೆ ನೇರಳೆ ಮಾಡಿಬಿಡುತ್ತದೆ. ಅದಕ್ಕೇ ಪರೀಕ್ಷೆಯ ಪ್ಲೇಟಿನ ಕೆಲವು ಪುಟ್ಟ ಗುಂಡಿಗಳಲ್ಲಿ ಕೋಶವಿಲ್ಲದೆ ಬರೀ ಸಾರ ಮತ್ತು ಎಂಟಿಟಿ ಹಾಕಿಡಿ. ಕ್ಯಾನ್ಸರ್ ಕೋಶದ ಜೊತೆ ಆರೋಗ್ಯವಂತ ಕೋಶದ ಮೇಲೂ ಅದೇ ಪ್ರಮಾಣ ಹಾಕಿ. ಎರಡನ್ನೂ ಒಂದೇ ಸಮ ಕೊಂದರೆ ಅದು ಬರೀ ವಿಷ.

ಪ್ಲೇಟಿನಲ್ಲಿ ಕೋಶ ಸತ್ತಿತು ಅಂದಮಾತ್ರಕ್ಕೆ ಔಷಧಿ ಸಿಕ್ಕಿತು ಅಂತಲ್ಲ. ಕ್ಯಾಂಪ್ಟೊಥೆಸಿನ್ನನ್ನೇ ಮೊದಲು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳಾಗಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರಿಂದ ಬಂದ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿದ್ದು 1990ರ ದಶಕದಲ್ಲಿ. ನೀವು ಈ ಕೆಲಸ ಮಾಡುತ್ತೀರಿ ಅಂತ ಗೊತ್ತಾದರೆ ಕಾಯಿಲೆಯವರ ಮನೆಯವರು ಹುಡುಕಿಕೊಂಡು ಬರುತ್ತಾರೆ. ನನ್ನ ಹತ್ತಿರವೂ ಬಂದಿದ್ದಾರೆ, ಕಣ್ಣೀರು ಹಾಕಿದ್ದಾರೆ. ಕೂರಿಸಿ ಮಾತಾಡಿಸಿ, ಅವರ ಡಾಕ್ಟರ ಹತ್ತಿರವೇ ಕಳಿಸಿ. ಒಂದು ಚಮಚ ಪುಡಿಯನ್ನೂ ಕೊಡಬೇಡಿ.

ತೊಗಟೆ, ಬೇರಿಗೆ ಕೈ ಹಾಕುವ ಮೊದಲು ಎಲೆ, ಸಣ್ಣ ಕೊಂಬೆಯಲ್ಲಿ ವಸ್ತು ಎಷ್ಟಿದೆ ಅಂತ ನೋಡಿ. ಟ್ಯಾಕ್ಸಾಲಿಗೂ ಮೊದಲು ಮರಗಳ ತೊಗಟೆ ಸುಲಿದರು. ಆಮೇಲೆ ಯುರೋಪಿನ ಯೂ ಮರದ ಎಲೆಯಲ್ಲಿ ಸಿಗುವ ವಸ್ತುವಿನಿಂದ ಅದನ್ನು ತಯಾರಿಸಲು ಕಲಿತರು. ತೊಗಟೆ ಬೇಕೇಬೇಕಾದರೆ ಒಂದೇ ಕಡೆಯಿಂದ ಸಣ್ಣ ಪಟ್ಟಿ ತೆಗೆಯಿರಿ, ಸುತ್ತ ಸುಲಿದರೆ ಮರ ಸಾಯುತ್ತದೆ. ಹಣ್ಣಿನ ಕಾಲದಲ್ಲಿ ಅನುಮತಿ ಪಡೆದು ಬೀಜ ಆರಿಸಿ ಸಸಿ ಮಾಡಿಸಿ. ಮುಂದಿನ ಬ್ಯಾಚಿನವರು ಎಲೆಗೆ ಕಾಡಿಗೇ ಹೋಗಬೇಕಾಗುವುದಿಲ್ಲ.