ಪಾಯಿಂಟ್ 32ರ ಹಳೇ ರಿವಾಲ್ವರ್

ತೀರ್ಥಹಳ್ಳಿ ಕಡೆ ನಮ್ಮದು ಒಂಟಿ ಮನೆ. ಅಡಿಕೆ ಒಣಗಿಸಿ ಚೀಲ ತುಂಬಿಟ್ಟ ಮೇಲೆ ರಾತ್ರಿ ನಾಯಿ ಬೊಗಳಿದರೆ ನಿದ್ದೆ ಅಲ್ಲಿಗೆ ಮುಗಿಯಿತು. ಅಪ್ಪನ ಕಾಲದ ಜೋಡುನಳಿಗೆ ಕೋವಿ ಇದೆ, ಆದರೆ ಅದನ್ನು ಹಿಡಿದು ನಡುಮನೆಯಲ್ಲಿ ತಿರುಗುವುದೇ ಕಷ್ಟ. ಹಾಗಾಗಿ ರಿವಾಲ್ವರಿಗೆ ಅರ್ಜಿ ಹಾಕಿದೆ. ತರಬೇತಿ ಪ್ರಮಾಣಪತ್ರ, ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿಗೆ ಅಲೆದಾಟ, ಬರೆಯುತ್ತ ಕೂತರೆ ಒಂದು ಮಳೆಗಾಲ ಕಳೆಯುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಬ್ಬರಿಗೆ ಎರಡೇ ಬಂದೂಕು. ಇದು ನನ್ನ ಎರಡನೆಯದು.

ಮೊದಲು ಕಣ್ಣಿಗೆ ಬಿದ್ದದ್ದು .38 ಬೋರಿನ, ಅಂದರೆ ಅಷ್ಟು ನಳಿಗೆ ಗಾತ್ರದ, ವೆಬ್ಲಿ ಎಂಬ ಇಂಗ್ಲಿಷ್ ರಿವಾಲ್ವರ್. ಎಂಥ ಚೆಂದ! ಆದರೆ .38 ನಿಷೇಧಿತ ಬೋರ್, ನಮ್ಮಂಥವರ ಲೈಸೆನ್ಸಿಗೆ ದಕ್ಕುವುದಲ್ಲ. ಕಡೆಗೆ ಶಿವಮೊಗ್ಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಸಿಕ್ಕಿತು. ಆರು ಗುಂಡಿನದು, ವೆಬ್ಲಿಯದೇ ಅಚ್ಚು, ನಡುವೆ ಮಡಚಿ ತೆರೆಯುವಂಥದ್ದು. "ನನ್ನ ಬೆರಳಿಗೆ ಇದರ ಚಿಲಕ ಈಗ ಜಗ್ಗುದಿಲ್ಲ ಮಾರಾಯ್ರೆ" ಅಂದರು.

ಖಾಲಿ ಇದೆ ಅಂತ ಅವರು ಹೇಳಿದ್ದರೂ ನಾನೇ ತೆರೆದು ಸಿಲಿಂಡರಿನಲ್ಲಿ, ಅಂದರೆ ತಿರುಗುವ ಉರುಳೆಯಲ್ಲಿ, ಗುಂಡು ಕೂರುವ ಆರೂ ಮನೆ ನೋಡಿದೆ. ನಳಿಗೆಯೊಳಕ್ಕೆ ಟಾರ್ಚ್ ಬಿಟ್ಟೆ. ಗುಂಡನ್ನು ತಿರುಗಿಸಿ ಬಿಡುವ ಸುರುಳಿಗೆರೆ ಚೊಕ್ಕ, ತುಕ್ಕು ತಿಂದ ಗುಳಿ ಇಲ್ಲ. ಹೊರಗಿನ ಬಣ್ಣ ಅಲ್ಲಲ್ಲಿ ಹೋಗಿತ್ತು, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹೊಳಪು ಹೊಸದಾಗಿದ್ದರೆ ಇನ್ನೂ ಅನುಮಾನ ಬರುತ್ತಿತ್ತು.

ಆಮೇಲೆ ಗುಂಡಿಗೆ ಹೊಡೆಯುವ ಹ್ಯಾಮರನ್ನು ಹೆಬ್ಬೆರಳಲ್ಲಿ ಬಹಳ ನಿಧಾನವಾಗಿ ಎಳೆದೆ. ಹ್ಯಾಮರ್ ನಿಲ್ಲುವ ಹೊತ್ತಿಗೆ ಸಿಲಿಂಡರ್ ತಿರುಗಿ, ಮನೆ ನಳಿಗೆಗೆ ನೇರವಾಗಿ ಟಕ್ ಅಂತ ಕೂತುಬಿಡಬೇಕು. ಐದು ಮನೆಗೆ ಕೂತಿತು. ಆರನೆಯದಕ್ಕೆ ಕೂದಲೆಳೆಯಷ್ಟು ಹಿಂದೆಯೇ ಉಳಿಯಿತು. ಬೆರಳಲ್ಲಿ ತಳ್ಳಿದ ಮೇಲೆ ಟಕ್. ಹಾಗೇ ಹಾರಿಸಿದರೆ ಗುಂಡು ನಳಿಗೆಗೆ ಓರೆಯಾಗಿ ಹೊಕ್ಕು, ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಮೇಷ್ಟ್ರಿಗೂ ಮಾಡಿ ತೋರಿಸಿದೆ. "ಮೂವತ್ತು ವರ್ಷದಲ್ಲಿ ನನಗೆ ಗೊತ್ತೇ ಆಗ್ಲಿಲ್ಲವಲ್ಲ!" ಎಂದು ನಕ್ಕರು. ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಒಳಗಿಟ್ಟವರಿಗೆ ಹೇಗೆ ಗೊತ್ತಾದೀತು?

ಖಾಸಗಿಯಾಗಿ ಮಾರುವವರು ಮುಂಚೆಯೇ ಠಾಣೆಗೋ ಜಿಲ್ಲಾಧಿಕಾರಿಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಆ ಅವಧಿಯಲ್ಲೇ ಲೈಸೆನ್ಸ್ ಇರುವ ರಿಪೇರಿಯವರಲ್ಲಿ ಅವರೇ ಸರಿ ಮಾಡಿಸಿದರು, ಖರ್ಚು ಅರ್ಧರ್ಧ. ಕೊಳ್ಳುವ ದಿನ ಮತ್ತೆ ಆರೂ ಎಳೆದು ನೋಡಿ, ನಂಬರನ್ನು ಲೈಸೆನ್ಸ್ ಜೊತೆ ಒಂದೊಂದೇ ಅಂಕಿ ಹೋಲಿಸಿ, ಆಮೇಲೆ ದುಡ್ಡು ಕೊಟ್ಟೆ.

ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ರಿವಾಲ್ವರ್ ಒಂದು ಬೀಗದಲ್ಲಿ, ತೋಟೆ ಇನ್ನೊಂದರಲ್ಲಿ. ಮೂರನೇ ವಾರಕ್ಕೇ ಚುನಾವಣೆ ಘೋಷಣೆಯಾಗಿ, ಅದು ಮುಗಿಯುವ ತನಕ ಠೇವಣಿ ಅಂತ ಎರಡೂ ಬಂದೂಕು ಠಾಣೆ ಸೇರಿದವು. ಈಗ ಬೀರುವಿನಲ್ಲಿರುವುದು ಠೇವಣಿ ರಸೀದಿ. ಅಡಿಕೆ ಚೀಲದ ಹತ್ತಿರ ನಾಯಿ ಮಲಗಿದೆ.